ಮೊದಲ ಸಲಕ್ಕೇ ‘ಬೇಕು’ ಅಂದುಬಿಡು

ಪುಟ್ಟಿ, ನೀನು ಬರೆದದ್ದು ಓದಿ ಖುಷಿಯಾಯ್ತು. ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಜರ್ಮನಿಗೆ, ಟ್ಯೂಬಿಂಗನ್ ಪಕ್ಕದ ಹಳ್ಳಿಗೆ, ಶಾಲಾ ವಿನಿಮಯದಲ್ಲಿ ಹತ್ತು ತಿಂಗಳ ಮಟ್ಟಿಗೆ ಬರುತ್ತಿದ್ದೀಯ. ನೀನು ಉಳಿಯುವ ಹೋಸ್ಟ್ ಮನೆಯಲ್ಲಿ ಗಂಡ, ಹೆಂಡತಿ, ಹದಿನಾಲ್ಕರ ಮಗಳು, ಒಂದು ನಾಯಿ. ಅವರ ಫೋಟೊ ನೋಡಿಕೊಂಡು ದಿನ ಎಣಿಸುತ್ತಿದ್ದೀಯ. ಕೊನೆಯಲ್ಲಿ ಕೇಳಿದ್ದೀಯ: ‘ಅವರಿಗೆ ಹೊರೆಯಾಗದ ಹಾಗೆ ಇರೋದು ಹೇಗೆ ಆಂಟಿ?’

ನಿನ್ನ ಮನಸ್ಸು ಒಳ್ಳೆಯದೇ. ಆದರೆ ಇಲ್ಲಿ ನಿನಗೆ ಜಾಸ್ತಿ ತೊಂದರೆ ಕೊಡುವುದೂ ಅದೇ. ಹೊರೆಯಾಗಬಾರದು ಅಂತ ನಾವು ಮಾಡುವುದೇನು? ಹಸಿವಿದ್ದರೂ ಸಾಕು ಅನ್ನುತ್ತೇವೆ. ಚಳಿಯಾದರೂ ಪರವಾಗಿಲ್ಲ ಅನ್ನುತ್ತೇವೆ. ಊರಿನಲ್ಲಿ ಇದು ನಡೆಯುತ್ತದೆ. ನೀನು ಎಲೆಗೆ ಕೈ ಅಡ್ಡ ಹಿಡಿದರೂ ಅತ್ತೆ ಇನ್ನೊಂದು ಹೋಳಿಗೆ ಹಾಕೇ ಹಾಕುತ್ತಾರೆ, ಅಲ್ವಾ? ಇಲ್ಲಿ ಒಂದು ಸಲ ಕೇಳುತ್ತಾರೆ. ಬೇಡ ಅಂದೆಯೋ, ಪಾತ್ರೆ ಆ ಕಡೆ ಹೋಯಿತು. ಜಿಪುಣತನ ಅಂದುಕೊಳ್ಳಬೇಡ. ನೀನು ಹೇಳಿದ್ದನ್ನು ನಂಬಿದರು, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಬ್ರೆಜಿಲ್‌ನ ಹುಡುಗಿಯೊಬ್ಬಳು ಒಂದು ಶಾಲಾ ವರ್ಷ ಇದ್ದಳು. ಹಾಗಾಗಿ ಆ ಕಡೆಯ ಕಷ್ಟವೂ ಗೊತ್ತು. ಶಾಲಾ ವಿನಿಮಯದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರು ಇಲ್ಲಿ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಪೇಯಿಂಗ್ ಗೆಸ್ಟ್ ಲೆಕ್ಕ ಅಲ್ಲ ಇದು. ಇಷ್ಟಪಟ್ಟೇ ಕರೆಸಿಕೊಂಡಿರುತ್ತಾರೆ. ಆ ಹುಡುಗಿ ಅದು ಬೇಕು, ಇದು ಬೇಕು ಅಂದಾಗ ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಸುಮ್ನೆ ಕೂತುಬಿಟ್ಟರೆ ಮಾತ್ರ ನನಗೂ ನಮ್ಮ ಯಜಮಾನರಿಗೂ ತಲೆಕೆಡುತ್ತಿತ್ತು.

ಊಟದ ವಿಷಯ ಹೊರಡುವ ಮುಂಚೆಯೇ ಬರೆದು ತಿಳಿಸು. ಸಸ್ಯಾಹಾರಿ ಅಂದರೆ ಸಾಲದು. ಇಲ್ಲಿ ಸಸ್ಯಾಹಾರಿಗಳು ಮೊಟ್ಟೆ ತಿನ್ನುವುದು ಮಾಮೂಲು. ಮೀನು ನಡೆಯುತ್ತದೆ ಅಂದುಕೊಳ್ಳುವವರೂ ಇದ್ದಾರೆ. ನಿನಗೆ ಮೊಟ್ಟೆ ಆಗುತ್ತದಾ? ಕೇಕಿನಲ್ಲಿದ್ದರೆ? ಮಾಂಸ ಹುರಿದ ಬಾಣಲೆಯನ್ನೇ ತೊಳೆದು ನಿನಗೆ ಅಡುಗೆ ಮಾಡಿದರೆ? ಎಲ್ಲವನ್ನೂ ಬಿಡಿಸಿ ಬರೆ. ಅಗಿಯುವ ಬಣ್ಣದ ಗಮ್ಮಿ ಮಿಠಾಯಿಗಳಲ್ಲಿ ಎಷ್ಟೋ ಸಲ ಹಂದಿಯ ಜೆಲಾಟಿನ್ ಇರುತ್ತದೆ, ಪೊಟ್ಟಣದ ಹಿಂದೆ ಓದಿಕೋ. ಇನ್ನು ಸಂಜೆ ಊಟ ಅನೇಕ ಮನೆಗಳಲ್ಲಿ ತಣ್ಣಗಿನದು. ಆಬೆಂಡ್‌ಬ್ರೋಟ್ ಅನ್ನುತ್ತಾರೆ. ಬ್ರೆಡ್, ಬೆಣ್ಣೆ, ಚೀಸ್, ಸೌತೆಕಾಯಿ, ಅವರಿಗೆ ಜೊತೆಗೆ ಮಾಂಸದ ತೆಳು ಹೋಳು. ಇದೂ ಒಂದು ಊಟವಾ ಅನ್ನಿಸುತ್ತದೆ. ನನಗೆ ಈಗಲೂ ಕೆಲವು ದಿನ ಹಾಗನ್ನಿಸುವುದುಂಟು! ಅನ್ನ ಬೇಕೆನಿಸಿದರೆ ‘ಶನಿವಾರ ನಾನು ಅಡುಗೆ ಮಾಡಲಾ?’ ಅಂತ ಕೇಳು. ಸಕ್ಕರೆ ಹಾಕದ, ಶೇಕಡಾ 3.5 ಕೊಬ್ಬಿನ ಮೊಸರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಮೊಸರನ್ನಕ್ಕೆ ಚೆನ್ನಾಗಿರುತ್ತದೆ. ಒಗ್ಗರಣೆಗೆ ಮುಂಚೆ ಕಿಟಕಿ ತೆಗೆ. ಒಣಮೆಣಸಿನಕಾಯಿ ಘಾಟಿಗೆ ನಾಯಿಯೂ ಮನೆ ಬಿಟ್ಟು ಓಡೀತು. ಸಾರಿನ ಪುಡಿ, ಚಟ್ನಿಪುಡಿ ತಾ. ಅಮ್ಮ ತುಪ್ಪದ ಡಬ್ಬಿ ಇಟ್ಟರೆ ತೆಗೆಸು. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ಬಿಡುವುದಿಲ್ಲ.

ಒಂದೇ ಸಲ ಕೇಳಿ, ಹೇಳಿದ್ದನ್ನು ನಂಬುತ್ತಾರೆ ಅಂದೆನಲ್ಲ, ಬೇಡ ಅನ್ನುವುದಕ್ಕೂ ಅದೇ ನಿಯಮ ಅನ್ನೋದು ಒಂದು ಅನುಕೂಲ. ಇಲ್ಲಿ 16 ತುಂಬಿದವರು ಬಿಯರ್, ವೈನ್ ಕುಡಿಯಬಹುದು, ಕಾನೂನೇ ಇದೆ. ಹಬ್ಬದ ದಿನ ಮನೆಯವರೇ ನಿನಗೂ ಕೇಳಬಹುದು. ಗಾಬರಿಯಾಗಬೇಡ. ಬೇಡ ಅಂದರೆ ಸೇಬಿನ ಜ್ಯೂಸ್ ಕೊಟ್ಟು ಸುಮ್ಮನಾಗುತ್ತಾರೆ.

ಅವರನ್ನು ಏನಂತ ಕರೆಯೋದು ಅಂತ ಕೇಳಿದ್ದೀಯ. ಹೆಸರು ಹಿಡಿದೇ ಕರಿ. ಅಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ಮೊದಮೊದಲು ನಾಲಿಗೆ ಏಳುವುದಿಲ್ಲ, ಗೊತ್ತು. ಆದರೆ ಮ್ಯಾಡಂ ಅಂದರೆ ಅವರಿಗೇ ಮುಜುಗರ. ಶಾಲೆಯಲ್ಲಿ ಮಾತ್ರ ಟೀಚರಿಗೆ ಫ್ರೌ (ಶ್ರೀಮತಿ) ಅಥವಾ ಹೆರ್ (ಶ್ರೀ) ಸೇರಿಸಿ ಮನೆತನದ ಹೆಸರು ಹೇಳಬೇಕು. ಶಾಲೆಯಲ್ಲೂ ಬಾಯಿ ಬಿಡಬೇಕು ಕಣಮ್ಮ. ತರಗತಿಯಲ್ಲಿ ಕೈ ಎತ್ತಿ ಮಾತಾಡುವುದಕ್ಕೂ ಅಂಕ ಇದೆ, ಬರೀ ಪರೀಕ್ಷೆಗಲ್ಲ. ಮತ್ತೆ, 1 ಬಂದರೆ ಅಳಬೇಡ. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಫೇಲ್.

ಬಚ್ಚಲಿನ ವಿಷಯ ಯಾರೂ ಹೇಳಿರುವುದಿಲ್ಲ, ನಾನೇ ಹೇಳುತ್ತೇನೆ. ಹೆಚ್ಚಿನ ಮನೆಗಳಲ್ಲಿ ಬಚ್ಚಲಿನ ನೆಲದಿಂದ ನೀರು ಹೋಗಲು ದಾರಿ ಇರುವುದಿಲ್ಲ. ಷವರ್ ಇರುವ ಜಾಗದಲ್ಲೇ ಸ್ನಾನ ಮುಗಿಸಬೇಕು, ಆಚೆ ಬಿದ್ದ ನೀರು ಒರೆಸಬೇಕು. ಶೌಚಕ್ಕೆ ಕಾಗದ ಮಾತ್ರ. ಒಂದು ಸಣ್ಣ ಬಾಟಲಿ ಇಟ್ಟುಕೋ, ಯಾರೂ ಏನೂ ಅನ್ನುವುದಿಲ್ಲ. ಮೈ ಕೊರೆಯುವ ಚಳಿಯಲ್ಲೂ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಆಡಿಸುತ್ತಾರೆ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ರಾತ್ರಿ ಚಳಿಯಾದರೆ ಇನ್ನೊಂದು ಹೊದಿಕೆ ಕೇಳು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಡುಗಬೇಡ.

ಊಟದ ಮೇಜಿನಲ್ಲಿ ಮಾತಿಗೆ ಏನು ಅಂತ ಯೋಚನೆಯಾದರೆ ಕಿಟ್ಟೆಲ್ ಇದ್ದಾರಲ್ಲ! 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದವರು ಕೊನೆಗಾಲ ಕಳೆದದ್ದು ಇದೇ ಟ್ಯೂಬಿಂಗನ್‌ನಲ್ಲಿ. 1903ರಲ್ಲಿ ಇಲ್ಲೇ ತೀರಿಕೊಂಡರು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುಮಾಡಿದ ಮೋಗ್ಲಿಂಗ್ ಕೂಡ ಈ ಸೀಮೆಯವರೇ. ನಿನ್ನ ಮನೆಯವರಿಗೆ ಇಬ್ಬರ ಹೆಸರೂ ಗೊತ್ತಿರಲಿಕ್ಕಿಲ್ಲ. ಹೇಳಿ ನೋಡು, ಕಣ್ಣರಳಿಸಿ ಕೇಳುತ್ತಾರೆ.

ಮನೆಗೆ ಫೋನ್ ಮಾಡುವುದರಲ್ಲಿ ಮಾತ್ರ ಸ್ವಲ್ಪ ಹಿಡಿತ ಇರಲಿ. ಇಲ್ಲಿ ರಾತ್ರಿ ಎಂಟಾದಾಗ ಮೈಸೂರಿನಲ್ಲಿ ಹನ್ನೊಂದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹನ್ನೆರಡೂವರೆ. ಅಮ್ಮ ದಿನಾ ನಿದ್ದೆಗೆಟ್ಟು ಕಾಯುತ್ತಾರೆ. ನೀನೂ ಇಲ್ಲಿನವರ ಜೊತೆ ಕೂರಬೇಕಾದ ಹೊತ್ತಿನಲ್ಲಿ ರೂಮಿನಲ್ಲಿರುತ್ತೀಯ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬೆಳಗ್ಗೆ ನಿಧಾನವಾಗಿ ಮಾತಾಡು.

ಎಷ್ಟು ಮಾತಾಡಿದರೂ ಕೆಲವು ಮನೆಗಳು ಹೊಂದುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ಮನೆ ಬದಲಾಯಿಸಿಕೊಂಡರೆ ಮರ್ಯಾದೆ ಹೋಗುವುದೂ ಇಲ್ಲ. ಕಳಿಸುವ ಸಂಸ್ಥೆಯವರು ಊರ ಹತ್ತಿರದಲ್ಲೇ ಒಬ್ಬರನ್ನು ನಿನಗೋಸ್ಕರ ಗೊತ್ತುಮಾಡಿರುತ್ತಾರೆ. ಬಂದ ವಾರವೇ ಅವರನ್ನು ಭೇಟಿಯಾಗು. ಯಾರಾದರೂ ಮೈ ಮುಟ್ಟಿದ್ದೋ, ಆಡಿದ ಮಾತೋ ಸರಿಯಿಲ್ಲ ಅನ್ನಿಸಿದರೆ ಒಂದು ದಿನವೂ ಕಾಯದೆ ಸಂಸ್ಥೆ ಗೊತ್ತುಮಾಡಿದ ಆ ವ್ಯಕ್ತಿಗೆ ಹೇಳು. ಅವರ ನಂಬರನ್ನು ಅಮ್ಮನ ಫೋನಿನಲ್ಲೂ ಹಾಕಿಡು.