ಮ್ಯಾಡ್‌ವಿಲನಿ ಅನ್ನುವ ರ‍್ಯಾಪ್ ಆಲ್ಬಂ ಎರಡು ಸಲ ಕೇಳಿದೆ, ಹಿಡಿಸಲಿಲ್ಲ. ಜನ ಇಷ್ಟೊಂದು ಹೊಗಳುವಂಥದ್ದು ಅದರಲ್ಲಿ ಏನಿದೆ?

‘ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದುಹೋಗುತ್ತೆ, ಪಲ್ಲವಿಯೇ ಇಲ್ಲ’ ಅಂತ ಬರೆದಿದ್ದೀರಿ. ನಿಜ. 22 ಟ್ರ್ಯಾಕ್, ಎಲ್ಲ ಸೇರಿ ಸುಮಾರು 46 ನಿಮಿಷ. ಹೆಚ್ಚಿನವು ಮೂರು ನಿಮಿಷ ಕೂಡ ಇಲ್ಲ. ನನಗೂ ಮೊದಲು ಇದೇ ತೊಡಕಾಗಿತ್ತು. ಒಂದೊಂದೇ ಹಾಡು ಆರಿಸಿ ಕೇಳುತ್ತಿದ್ದೆ, ಯಾವುದೂ ನಿಲ್ಲುತ್ತಿರಲಿಲ್ಲ.

ನನ್ನ ಮನೆ ಹಾಸನದಲ್ಲಿ, ಕೆಲಸ ಬೇಲೂರಿನಲ್ಲಿ. ಒಂದು ಮಳೆಗಾಲದ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಫೋನನ್ನು ಜೇಬಿಗೆ ಹಾಕಿ, ಮೊದಲಿಂದ ಕೊನೆಯವರೆಗೆ ಸುಮ್ನೆ ಬಿಟ್ಟೆ. ಹಗರೆ ದಾಟುವ ಹೊತ್ತಿಗೆ ಯಾವ ಹಾಡು ಎಲ್ಲಿ ಮುಗಿಯಿತು ಅನ್ನುವುದೇ ಮರೆತುಹೋಗಿತ್ತು. ಅವತ್ತು ನನಗೆ ಇದು ಸಿಕ್ಕಿತು. ಇದು 22 ಹಾಡಲ್ಲ, ಒಂದೇ ಓಟ. ಹೇಳುವುದು ಮುಗಿದ ತಕ್ಷಣ ಇಬ್ಬರೂ ಮುಂದಕ್ಕೆ ಹೋಗುತ್ತಾರೆ. ಒಂದು ಒಳ್ಳೆಯ ಸಾಲನ್ನು ನಾಲ್ಕು ಸಲ ಹಾಡಿ ನಮ್ಮ ತಲೆಗೆ ತುಂಬುವುದಿಲ್ಲ. ಬೇಕಿದ್ದರೆ ನಾವೇ ತಿರುಗಿ ಬರಬೇಕು.

ಇಬ್ಬರು ಅಂದೆನಲ್ಲ: ರ‍್ಯಾಪ್ ಮಾಡಿದವರು ಎಂಎಫ್ ಡೂಮ್, ಬೀಟ್ (ಅಂದರೆ ಮಾತಿನ ಹಿಂದೆ ಓಡುವ ಸಂಗೀತ) ಕಟ್ಟಿದವರು ಮ್ಯಾಡ್‌ಲಿಬ್. 2004ರ ಮಾರ್ಚ್‌ನಲ್ಲಿ ಸ್ಟೋನ್ಸ್ ಥ್ರೋ ಅನ್ನುವ ಸಣ್ಣ ಸಂಗೀತ ಕಂಪನಿಯಿಂದ ಆಲ್ಬಂ ಬಂತು. ಮ್ಯಾಡ್‌ಲಿಬ್ ಇದರ ಎಷ್ಟೋ ಬೀಟ್‌ಗಳನ್ನು ಬ್ರೆಜಿಲ್‌ನ ಹೋಟೆಲ್ ಕೋಣೆಯಲ್ಲಿ ಕೂತು ಮಾಡಿದವರು. ಕೈಯಲ್ಲಿ ಇದ್ದದ್ದು ಒಂದು ಪುಟ್ಟ ಸ್ಯಾಂಪ್ಲರ್ (ಹಾಡಿನ ತುಣುಕು ಕತ್ತರಿಸಿ ಜೋಡಿಸುವ ಯಂತ್ರ), ಹೊತ್ತೊಯ್ಯಬಹುದಾದ ಟರ್ನ್‌ಟೇಬಲ್ ಮತ್ತು ಹಳೆಯ ರೆಕಾರ್ಡ್‌ಗಳು. ಆ ರೆಕಾರ್ಡ್‌ಗಳ ಗರಗರ ಸದ್ದನ್ನು ಅವರು ಒರೆಸಿ ತೆಗೆದಿಲ್ಲ. ನಮ್ಮಪ್ಪ ಬೆಳಿಗ್ಗೆ ಹಾಸನ ಆಕಾಶವಾಣಿ ಹಾಕಿದಾಗ ಸ್ಟೇಷನ್ ಸರಿಯಾಗಿ ಕೂರುವ ಮೊದಲು ಬರುತ್ತಿತ್ತಲ್ಲ, ಆ ಥರ. ನನಗೆ ಆ ಸದ್ದು ಅಂದರೆ ಮನೆ.

ಎರಡನೇ ಟ್ರ್ಯಾಕ್ ‘ಅಕಾರ್ಡಿಯನ್’ ಕೇಳುವಾಗ ನನಗೆ ಊರಿನ ಪೌರಾಣಿಕ ನಾಟಕದ ಹಾರ್ಮೋನಿಯಂ ಮಾಸ್ತರರೇ ಕಣ್ಮುಂದೆ ಬರುತ್ತಾರೆ. ಪಾತ್ರಧಾರಿ ಕಂದಪದ್ಯ ಎತ್ತಿಕೊಂಡಾಗ ಮಾಸ್ತರರು ಏನೂ ಕಸರತ್ತು ಮಾಡುವುದಿಲ್ಲ. ಒಂದು ಸ್ವರ ಹಿಡಿದು ಜಾಗ ಬಿಡುತ್ತಾರೆ. ಇಲ್ಲೂ ಹಾಗೇ. ಅದೇ ಎರಡು ಎಳೆ ಸುತ್ತುತ್ತಲೇ ಇರುತ್ತದೆ, ಡೂಮ್ ಅದರ ಮೇಲೆ ನಿಧಾನಕ್ಕೆ ನಡೆದುಕೊಂಡು ಹೋಗುತ್ತಾರೆ. ಯಾರೇ ಇಬ್ಬರು ಸೇರಿ ಮಾಡಿದ ಆಲ್ಬಂಗಳಲ್ಲಿ ಇಷ್ಟು ಚೆನ್ನಾಗಿ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಂಗ್ಲಿಷ್ ಪೂರ್ತಿ ಅರ್ಥವಾಗಲ್ಲ ಅಂತಲೂ ಬರೆದಿದ್ದೀರಿ. ಪರವಾಗಿಲ್ಲ, ಮೊದಲು ಪ್ರಾಸ ಕೇಳಿ. ಶಾಲೆಯಲ್ಲಿ ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದ ಕೆಳಗೆ ಗೆರೆ ಎಳೆದು ಆದಿಪ್ರಾಸ ಗುರುತಿಸಿದ್ದು ನೆನಪಿದೆಯಾ? ಸಾಲಿನ ಕೊನೆಗೆ ಮಾತ್ರ ಪ್ರಾಸ ಇರಬೇಕಿಲ್ಲ ಅಂತ ನಮ್ಮ ಕಿವಿಗೆ ಆಗಲೇ ಗೊತ್ತು. ಡೂಮ್ ಸಾಲಿನ ಶುರುವಲ್ಲಿ, ನಡುವಲ್ಲಿ, ಕೊನೆಯಲ್ಲಿ, ಎಲ್ಲೆಂದರಲ್ಲಿ ಪ್ರಾಸ ಇಡುತ್ತಾರೆ. ಒಂದೇ ಸದ್ದನ್ನು ನಾಲ್ಕೈದು ಪದಗಳಲ್ಲಿ ಎಳೆದುಕೊಂಡು ಹೋಗುತ್ತಾರೆ. ಅರ್ಥ ಆಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ.

ಡೂಮ್ ದನಿಯ ಆ ನಿಧಾನದ ಹಿಂದೆ ಒಂದು ಕಥೆ ಇದೆ. ಆಲ್ಬಂ ಬಿಡುಗಡೆಗೆ ಒಂದು ವರ್ಷಕ್ಕೂ ಮೊದಲೇ ಅರೆಬರೆ ರೂಪ ಇಂಟರ್‌ನೆಟ್‌ಗೆ ಸೋರಿಹೋಯಿತು. ಇಬ್ಬರೂ ಕೆಲಸ ನಿಲ್ಲಿಸಿ ಬೇರೆ ಬೇರೆ ಕಡೆ ಹೋದರು. ವಾಪಸ್ ಬಂದಾಗ ಡೂಮ್ ಮತ್ತೆ ಹಾಡಿದರು, ಈ ಸಲ ತಗ್ಗಿದ ದನಿಯಲ್ಲಿ, ಆತುರವಿಲ್ಲದೆ. ಹಳೆಯ ರೂಪದಲ್ಲಿ ಅವರ ದನಿ ಜಾಸ್ತಿ ಹುರುಪಿನದು. ನನಗೆ ಎರಡನೆಯದೇ ಇಷ್ಟ. ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತು ಹೇಳುವ ಮಾತಿನ ಹದ ಅದು.

ಇನ್ನು ಡೂಮ್ ಹಾಕುತ್ತಿದ್ದ ಮುಖವಾಡ. ಅವರ ನಿಜ ಹೆಸರು ಡೇನಿಯಲ್ ಡುಮಿಲೆ. ತಮ್ಮನ ಜೊತೆ ಕೆಎಂಡಿ ಅನ್ನುವ ತಂಡದಲ್ಲಿದ್ದರು. 1993ರಲ್ಲಿ ಕಾರೊಂದು ಬಡಿದು ಆ ತಮ್ಮ ತೀರಿಕೊಂಡರು. ಡೂಮ್ ಕೆಲವು ವರ್ಷ ಯಾರಿಗೂ ಕಾಣದೆ ಇದ್ದು, ಆಮೇಲೆ ಲೋಹದ ಮುಖವಾಡ ಹಾಕಿ ಖಳನಾಗಿ ವಾಪಸ್ ಬಂದರು. ಇದು ನಮಗೆ ಅರ್ಥವಾಗದ್ದೇನಲ್ಲ ಅಲ್ವಾ? ನಮ್ಮ ಕಡೆ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೇ ಪೈಪೋಟಿ. ಕೇಡಿನ ವೇಷದಲ್ಲೇ ನೋವು ಹೇಳಲು ಬರುತ್ತದೆ. ‘ಫ್ಯಾನ್ಸಿ ಕ್ಲೌನ್’ ಹಾಡಿನಲ್ಲಿ ಒಬ್ಬ ತನ್ನ ಹುಡುಗಿ ಡೂಮ್ ಜೊತೆ ಹೋದಳು ಅಂತ ಕೂಗಾಡುತ್ತಾನೆ. ಆ ಕೂಗಾಡುವವನೂ ಡೂಮ್, ಇನ್ನೊಂದು ಹೆಸರಿನಲ್ಲಿ. ಇದನ್ನು ತಿಳಿದು ಕೇಳಿ, ಬೇರೆಯೇ ಹಾಡಾಗುತ್ತದೆ.

ಎಲ್ಲವೂ ಚಿನ್ನ ಅನ್ನಲ್ಲ. ಮೊದಲ ಟ್ರ್ಯಾಕ್ ಬರೀ ಹಳೆಯ ಧ್ವನಿ ತುಣುಕುಗಳ ಜೋಡಣೆ, ಹೊಸಬರಿಗೆ ಅದು ದಾರಿ ತಪ್ಪಿಸುತ್ತದೆ. ನೀವು ‘ಅಕಾರ್ಡಿಯನ್‌’ನಿಂದ ಶುರು ಮಾಡಿ, ಮುಗಿಯುವವರೆಗೆ ಫೋನ್ ಮುಟ್ಟಬೇಡಿ. ಬೀಟ್ ಇಷ್ಟವಾದರೆ ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ದೇಶದ ಸಿನಿಮಾ ಸಂಗೀತದಿಂದ ಕಟ್ಟಿದ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ ಹುಡುಕಿ.

ಡೂಮ್ 2020ರ ಅಕ್ಟೋಬರ್ 31ರಂದು ತೀರಿಕೊಂಡಿದ್ದರು, ಸುದ್ದಿ ಹೊರಬಿದ್ದದ್ದು ಡಿಸೆಂಬರ್ 31ಕ್ಕೆ. ಹೊಸ ವರ್ಷದ ದಿನ ನಾನು ಬೇಲೂರು ಬಸ್ ಹತ್ತಿ ಇದನ್ನೇ ಹಾಕಿಕೊಂಡೆ. ಊರು ಬಂದರೂ ಕೊನೆಯ ಹಾಡು ಮುಗಿದಿರಲಿಲ್ಲ, ಸ್ಟ್ಯಾಂಡಿನಲ್ಲೇ ನಿಂತು ಕೇಳಿದೆ.