‘ಕನಿಷ್ಠ ಒಂದಾದರೂ’ ಎಂದು ಕೇಳುವ ಸಂಭವನೀಯತೆಯ ಲೆಕ್ಕವನ್ನು ಬಿಡಿಸುವುದು ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಸಂತೆಯಿಂದ ತಂದ ಚೀಲದಲ್ಲಿರುವ 10 ನಿಂಬೆಹಣ್ಣುಗಳಲ್ಲಿ 3 ಕೊಳೆತಿದ್ದು, ನೋಡದೆ ಒಂದರ ನಂತರ ಒಂದರಂತೆ ಎರಡನ್ನು ತೆಗೆದರೆ, ಕನಿಷ್ಠ ಒಂದಾದರೂ ಕೊಳೆತದ್ದಾಗಿರುವ ಸಂಭವನೀಯತೆ ಎಷ್ಟು ಎಂಬುದು ನಿಮ್ಮ ಪ್ರಶ್ನೆ.

ಇಲ್ಲಿ ಪೂರಕ ಘಟನೆಯನ್ನು, ಅಂದರೆ ಕೇಳಿದ್ದು ನಡೆಯದಿರುವ ಸಂದರ್ಭವನ್ನು, ಹಿಡಿಯುವುದೇ ಸುಲಭದ ದಾರಿ; ಎರಡರ ಸಂಭವನೀಯತೆಗಳ ಮೊತ್ತ ಯಾವಾಗಲೂ 1. ‘ಕನಿಷ್ಠ ಒಂದು’ ಎಂಬುದರ ಪೂರಕ ‘ಒಂದೂ ಇಲ್ಲ’, ಅಂದರೆ ಎರಡೂ ಒಳ್ಳೆಯ ಹಣ್ಣುಗಳು. ಮೊದಲನೆಯದು ಒಳ್ಳೆಯದಾಗುವ ಸಂಭವನೀಯತೆ 7/10. ಅದು ಚೀಲದಿಂದ ಹೊರಬಂದ ಮೇಲೆ ಉಳಿಯುವ 9 ಹಣ್ಣುಗಳಲ್ಲಿ 6 ಮಾತ್ರ ಒಳ್ಳೆಯವಾದ್ದರಿಂದ, ಎರಡನೆಯದಕ್ಕೆ 6/9. ಇವುಗಳ ಗುಣಲಬ್ಧ 42/90, ಅಂದರೆ 7/15. 1ರಿಂದ ಕಳೆದರೆ ಉತ್ತರ 8/15.

ಅನೇಕ ವಿದ್ಯಾರ್ಥಿಗಳು 3/10ಕ್ಕೆ 3/10 ಕೂಡಿಸಿ 3/5 ಎಂದು ಬರೆಯುತ್ತಾರೆ. ಈ ತಪ್ಪು ತಿಳಿಗೇಡಿತನದ್ದಲ್ಲ. ಮೊದಲ ಹಣ್ಣು ಯಾವುದೆಂದು ತಿಳಿಯದಿರುವಾಗ ಎರಡನೆಯದು ಕೊಳೆತಿರುವ ಸಂಭವನೀಯತೆಯೂ ನಿಜಕ್ಕೂ 3/10. ಆದರೆ ಹೀಗೆ ಕೂಡಿಸಿದಾಗ, ಎರಡೂ ಕೊಳೆತಿರುವ ಸಂದರ್ಭವು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅದರ ಸಂಭವನೀಯತೆ 3/10 × 2/9, ಅಂದರೆ 1/15; ಅದನ್ನು ಒಂದು ಸಲ ಕಳೆದರೆ 9/15 − 1/15 = 8/15 ಎಂದು ಅದೇ ಉತ್ತರ ಸಿಗುತ್ತದೆ. ತಾಳೆ ನೋಡಲು ಈ ಎರಡನೆಯ ದಾರಿ ಒಳ್ಳೆಯದು, ಆದರೆ ಐದಾರು ಹಣ್ಣು ತೆಗೆಯುವ ಲೆಕ್ಕದಲ್ಲಿ ತುಂಬ ತೊಡಕಾಗುತ್ತದೆ.

ಮೊದಲ ಹಣ್ಣನ್ನು ಮರಳಿ ಚೀಲಕ್ಕೆ ಹಾಕಬೇಕೆಂದು ಪ್ರಶ್ನೆಯಲ್ಲಿದ್ದರೆ ಛೇದ 9 ಆಗುವುದಿಲ್ಲ; ಆಗ ಉತ್ತರ 1 − 49/100 = 51/100.