ಪಿಸಿಬಿಯ ಗೆರೆ ತುಂಡಾಗುವುದೇಕೆ?

ಪ್ರಶ್ನೆ: ಪಿಸಿಬಿ (ಎಲೆಕ್ಟ್ರಾನಿಕ್ ಭಾಗಗಳನ್ನು ಕೂರಿಸುವ, ತಾಮ್ರದ ಹೊದಿಕೆಯ ಬೋರ್ಡ್) ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಎಚಿಂಗ್ (ಬೇಡದ ತಾಮ್ರ ಕರಗಿಸುವುದು) ಮಾಡಿದೆ. ಒಂದೂವರೆ ಗಂಟೆ ಬಿಟ್ಟರೂ ನಡುವಿನ ತಾಮ್ರ ಹೋಗಲಿಲ್ಲ, ಅಂಚಿನ ಸಣ್ಣ ಗೆರೆಗಳು ಮಾತ್ರ ತುಂಡಾದವು. ದ್ರಾವಣ ಹಿಂದೆ ಕೆಲವು ಸಲ ಬಳಸಿದ್ದು. ತಪ್ಪೆಲ್ಲಿ?
– ಓದುಗರು, ಹಾಸನ

ಉತ್ತರ: ತುಂಡಾಗಿದ್ದಕ್ಕೆ ಕಾರಣ ಆ ಒಂದೂವರೆ ಗಂಟೆಯೇ. ದ್ರಾವಣ ತಾಮ್ರವನ್ನು ಮೇಲಿನಿಂದಷ್ಟೇ ಅಲ್ಲ, ಮಾರ್ಕರ್ ಶಾಯಿಯ ಅಡಿಗೆ ನುಗ್ಗಿ ಪಕ್ಕದಿಂದಲೂ ತಿನ್ನುತ್ತದೆ. ಹೊತ್ತು ಹೆಚ್ಚಾದಷ್ಟೂ ಗೆರೆ ಸವೆಯುತ್ತದೆ. ಬಿಸಿಯಾದ ಹೊಸ ದ್ರಾವಣಕ್ಕೆ 10ರಿಂದ 20 ನಿಮಿಷ ಸಾಕು.

ನಿಮ್ಮ ದ್ರಾವಣ ಸೋತಿದೆ. ತಾಮ್ರ ಕರಗುವಾಗ ಫೆರಿಕ್ ಕ್ಲೋರೈಡ್ ಫೆರಸ್ ಕ್ಲೋರೈಡ್ ಆಗುತ್ತದೆ, ಜೊತೆಗೆ ಕ್ಯುಪ್ರಿಕ್ ಕ್ಲೋರೈಡ್ ಸೇರುತ್ತದೆ. ಕಂದು ಬಣ್ಣ ಹಸಿರಿಗೆ ತಿರುಗುವುದು ಅದಕ್ಕೇ. ಲೆಕ್ಕ ನೋಡಿ: 35 ಮೈಕ್ರಾನ್ ತಾಮ್ರವಿರುವ 10×10 ಸೆಂ.ಮೀ. ಬೋರ್ಡಿನ ಒಂದು ಮೈಯಲ್ಲಿ ಸುಮಾರು 3 ಗ್ರಾಂ ತಾಮ್ರವಿದೆ. ಅದಷ್ಟೂ ಕರಗಲು ಹಳದಿ ಗಟ್ಟಿಯ (ಹೆಕ್ಸಾಹೈಡ್ರೇಟ್) ಫೆರಿಕ್ ಕ್ಲೋರೈಡ್ 27 ಗ್ರಾಂ ಬೇಕು. 100 ಗ್ರಾಮಿನಲ್ಲಿ ಇಂಥ ಎರಡು ಬೋರ್ಡ್ ಮುಗಿಸಿ ನಿಲ್ಲಿಸುವುದು ಒಳ್ಳೆಯದು; ಮೂರನೆಯದಕ್ಕೆ ಜೀವ ಇರುತ್ತದೆ, ವೇಗ ಇರುವುದಿಲ್ಲ.

200 ಮಿ.ಲೀ. ನೀರಿಗೆ 100 ಗ್ರಾಂ ಗಟ್ಟಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ. ಅಂಗಡಿಯವರು ಕೊಟ್ಟದ್ದು ಕಪ್ಪು ಪುಡಿಯಾದರೆ ಅದು ನೀರಿಲ್ಲದ ರೂಪ, 60 ಗ್ರಾಂ ಸಾಕು. ಅದು ಕರಗುವಾಗ ಜೋರಾಗಿ ಬಿಸಿಯಾಗಿ ಖಾರವಾದ ಹೊಗೆ ಬಿಡುತ್ತದೆ. ಪುಡಿಯ ಮೇಲೆ ನೀರು ಸುರಿಯಲೇಬೇಡಿ. ಕನ್ನಡಕ, ಕೈಗವಸು ಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಲಿ, ಅಲ್ಯೂಮಿನಿಯಂ, ಸ್ಟೀಲ್ ಎರಡನ್ನೂ ಇದು ತಿನ್ನುತ್ತದೆ. ತಟ್ಟೆಯನ್ನು ಬಿಸಿನೀರಿನ ಬೇಸಿನ್‌ನಲ್ಲಿಟ್ಟು 40–50 ಡಿಗ್ರಿಗೆ ತಂದು, ಬಿಡದೆ ಓಲಾಡಿಸಿ. ತಾಮ್ರದ ಮೈ ಕೆಳಮುಖವಾಗಿ ತೇಲಿಸಿದರೆ ಇನ್ನೂ ಒಳ್ಳೆಯದು: ಕರಗಿದ್ದು ಭಾರಕ್ಕೆ ತಳಕ್ಕಿಳಿದು ಹೊಸ ದ್ರಾವಣ ತಾಗುತ್ತದೆ. ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲ್ಲಿ ತಾಮ್ರದ ಚುಕ್ಕೆ ಉಳಿಯುತ್ತದೆ, ಆಗಾಗ ಎತ್ತಿ ನೋಡಿ.

ಪ್ರಶ್ನೆ: ಇದೇ ದ್ರಾವಣ ಟೈಲ್ಸ್ ಮೇಲೆ ಚೆಲ್ಲಿ ಕಂದು ಕಲೆಯಾಗಿದೆ. ಉಳಿದದ್ದನ್ನು ಬಚ್ಚಲಿಗೆ ಸುರಿಯಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ, ಅದರಲ್ಲಿ ಕರಗಿದ ತಾಮ್ರ ಮೀನಿಗೆ ವಿಷ. ದ್ರಾವಣವನ್ನು ದೊಡ್ಡ ಬಕೆಟ್‌ಗೆ ಹಾಕಿ, ಅದಕ್ಕೆ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಸೇರಿಸಿ, ನೊರೆ ಉಕ್ಕುತ್ತದೆ. ನೊರೆ ನಿಂತು ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಹತ್ತಿರ ಬಂದಾಗ ಕೆಸರು ತಳ ಸೇರುತ್ತದೆ. ಅದನ್ನು ಸೋಸಿ ಒಣಗಿಸಿ, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಕೊಡಿ. ಕಲೆಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಅದೂ ವಿಷವೇ, ಕೈಗವಸು ತೆಗೆಯಬೇಡಿ. ಅಮೃತಶಿಲೆಯ ಮೇಲಂತೂ ಹಚ್ಚಬೇಡಿ, ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಮುಟ್ಟಲೇಬೇಡಿ: ಆಮ್ಲೀಯ ದ್ರಾವಣ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ.